ಷರಾ ಕಾಲಂ

ರಾಯಚೂರಿನ ದವಾಖಾನಿ, ಎರಡನೇ ಮಾಳಿಗಿ.
ಮೌಲಾಸಾಬನ ತಲಿಗೆ ಬಿಳಿ ಪಟ್ಟಿ,
ಪಟ್ಟಿಯೊಳಗಿಂದ ಒಂದು ಸಣ್ಣ ತಂತಿ,
ತಂತಿ ತುದಿಗೆ ಒಂದು ಅಂಕಿ: ಇಪ್ಪತ್ತಾರು.

ಅಂಕಿ ಓದೋದು ನಮ್ಮಿಬ್ಬರ ಕಸಬು.
ಎಡದಂಡೆ ಕಾಲುವಿ ಮ್ಯಾಲ ಹನ್ನೊಂದು ವರ್ಷ,
ಮುಂಜಾನೆ ಆರಕ್ಕ ಅಂವ ಮೇಲಿನ ಗೇಜು, ನಾ ಕೆಳಗಿನ ಗೇಜು,
ಕೂಗಿ ಹೇಳಿ ಬರಕೊಳ್ಳೋದು.
ಚಳಿಗಾಲದಾಗ ಹೋಗದೇನೂ ಬರದೀವಿ, ಸುಳ್ಳ್ಯಾಕ.
ನಿನ್ನೆ ನಾಕಡಿ, ಇವತ್ತೂ ನಾಕಡಿ.
ನೀರು ಯಾರಿಗೂ ಚಾಡಿ ಹೇಳಲಿಲ್ಲ.

ಮಂಗಳವಾರ ಷಟರಿಗೆ ಗ್ರೀಸ್ ಹಚ್ಚಾಕ ಹತ್ತಿ ಜಾರಿದ.
ನೀರಿನ ಕಡಿ ಬಿದ್ದಿದ್ದರ ಈಜತಿದ್ದ,
ಕಲ್ಲಿನ ಕಡಿ ಬಿದ್ದ.
ಎದ್ದು ಕುಂತ, ಬೀಡಿ ಕೇಳಿದ, ನನ್ನ ಬೈದ ಕೂಡ.
ಅರ್ಧ ಬೀಡಿಗೆ ನಾಲಿಗಿ ತೊದಲಿತು.

ಡಾಕ್ಟರಮ್ಮ ಸಣ್ಣಾಕಿ, ಎರಡು ರಾತ್ರಿ ನಿದ್ದಿ ಕಾಣದ ಕಣ್ಣು.
"ಪೇಶಂಟಿಗೆ ನೀವೇನಾಗಬೇಕು?"
"ಕೆಳಗಿನ ಗೇಜು" ಅಂದೆ.
ಆಕಿಗೆ ತಿಳೀಲಿಲ್ಲ. ಆದರೂ ಕುಂತು ಹೇಳಿದ್ಲು.

ತಲಿಯೊಳಗ ಕೂದಲಿಗಿಂತ ಸಣ್ಣ ತೂಬು ಲೆಕ್ಕಿಲ್ಲದಷ್ಟು,
ಒಂದಕ್ಕೂ ಆಪರೇಟರ್ ಇಲ್ಲ.
ಮೇಲಿಂದ ಒತ್ತಡ ಜೋರಾದರ ತಾವಽ ಬಿಗಿತಾವ,
ಇಳಿದರ ತಾವಽ ಸಡಿಲತಾವ,
ಒಳಗ ಹರಿಯೋದು ಮಾತ್ರ ಅಷ್ಟಽ,
ನಿಮಿಷಕ್ಕ ಮುಕ್ಕಾಲು ಲೀಟರು.
ಮರೆತ ಹೆಸರೊಂದು ನೆನಪು ಮಾಡಿಕೊಳ್ಳಾಕ ಹೊಂಟರ
ಆ ಮೂಲಿಗೆ ಒಂದು ಹನಿ ಹೆಚ್ಚು ಹೋಗತೈತಿ.
ಅರ್ಜಿ ಇಲ್ಲ, ಸಾಹೇಬರ ಸಹಿ ಇಲ್ಲ,
ರಾತ್ರಿ ಬಂದು ತೂಬು ಒಡೆಯೋರಿಲ್ಲ.

ಐವತ್ತೆರಡು ವರ್ಷ ಮೌಲಾ
ಇಂಥ ಕಾಲುವಿ ಹೆಗಲ ಮ್ಯಾಲ ಹೊತಗೊಂಡು
ನಮ್ಮ ಈ ಹರಕು ಕಾಲುವಿ ಕಾಯಾಕ ಬರತಿದ್ದ.

ಈಗ ಪೆಟ್ಟಿಗೆ ತೂಬು ಹಿಡಿತ ಬಿಟ್ಟಾವ, ಅಂದ್ಲು.
ಮೇಲೆ ಏರಿದರ ಒಳಗೂ ಏರತೈತಿ,
ಮೇಲೆ ಇಳಿದರ ಒಳಗೂ ಇಳೀತೈತಿ.
ಬಾತ ಮಿದುಳಿಗೆ ಸರಿದು ಕುಂಡ್ರಾಕ ಜಾಗಿಲ್ಲ,
ಬುರುಡಿ ಒಡ್ಡು ಒಡಕೊಂಡು ಹರಿಯೋ ಮಣ್ಣಲ್ಲ.
ಹೆಚ್ಚಾದರ ಬಾವು, ಕಡಿಮ್ಯಾದರ ಬರಡು,
ನಡುವ ಒಂದು ಗೇಣು ದಾರಿ.
ಇನ್ನ ನಾವಽ ನಡಸಬೇಕು, ಕೈಯಿಂದ.

ಕೈಯಿಂದ ಅಂದಾಗ ನನಗ ಅರ್ಥಾತು.

ಅಂಗೈ ಮ್ಯಾಲ ಪೆನ್ನಿಲೆ ಬರದು ತೋರಿಸಿದ್ಲು:
ಎಂಬತ್ತೆಂಟರಾಗ ಇಪ್ಪತ್ತಾರು ಕಳಿ. ಅರವತ್ತೆರಡು.
ಅರವತ್ತರ ಕೆಳಗ ಬಿಡಬಾರದು.
ಮೇಲಿನ ಗೇಜಿನಾಗ ಕೆಳಗಿನ ಗೇಜು ಕಳಿಯೋದು!
ಉಳಿದದ್ದಕ್ಕ ನಮ್ಮ ಇಂಜಿನಿಯರು 'ಹೆಡ್ಡು' ಅಂತಾರ.
ಹೆಡ್ ಇದ್ದರ ನೀರು ಮುಂದಕ್ಕ ಹೊಂಡತೈತಿ,
ಇಲ್ಲಂದರ ನಿಂತಲ್ಲೇ ಪಾಚಿಗಟ್ಟತೈತಿ.
ನಗು ಬಂತು. ಆ ಕೋಲಿಯಾಗ ನಗಬಾರದು, ನುಂಗಿದೆ.

ಎಡಗಡಿ ಒಂದು ರೂಪಾಯಿಯಷ್ಟು ಜಾಗ ಸತ್ತೈತಂತ.
ಅದರ ಸುತ್ತ ಸುಮ್ಮನ ಬಿದ್ದದ್ದು ಐತಲ್ಲ, ಅದು ಸತ್ತಿಲ್ಲ.
ಗೊತ್ತು, ಟೇಲ್ ಎಂಡು.
ಮಧ್ಯಾಹ್ನ ಮೂರಕ್ಕ ಮೆಣಸಿನಗಿಡ ತಲಿ ಹಾಕಿ ನಿಂತಂಗ.
ಸಂಜಿಯೊಳಗ ನೀರು ಮುಟ್ಟಿದರ ಏಳತೈತಿ.
ಮುಟ್ಟದಿದ್ದರ...
ಆಕಿ ಮಾತು ಮುಗಿಸಲಿಲ್ಲ.
ನಾನೂ ಎಷ್ಟೋ ಮಂದಿಗೆ
ಇದಽ ಮಾತು ಮುಗಿಸದಽ ಸೈಕಲ್ ಹತ್ತೀನಿ.

ಮಂಚದ ತಲಿ ಎತ್ತಿಟ್ಟಾರ, ಕುತ್ತಿಗಿ ನೆಟ್ಟಗ,
ಹೊರಗ ಹೋಗೋ ರಕ್ತಕ್ಕ ತಡಿ ಆಗಬಾರದಂತ.
ಖಾಜಾಬಿ ಮೆಟ್ಟಿಲ ಮ್ಯಾಲ ಕುಂತಾಳ,
ಅವನ ಚಪ್ಪಲಿ ಕ್ಯಾರಿಬ್ಯಾಗಿನಾಗ ಇಟಗೊಂಡು.

ನನ್ನ ಚೀಲದಾಗ ಗೇಜ್ ಪುಸ್ತಕ ಇತ್ತು.
ತಾಸಿಗೊಮ್ಮೆ ಎದ್ದು ಹೋಗಿ ಗಾಜಿನಾಗ ಹಣಿಕಿ ಹಾಕಿ ಬರದೆ.
ಎರಡಕ್ಕ ಇಪ್ಪತ್ತಾರು.
ಮೂರಕ್ಕ ಇಪ್ಪತ್ತೆಂಟು, ಒಳಗ ಓಡಾಟ.
ನಾಕಕ್ಕ ಇಪ್ಪತ್ತನಾಕು. ಯಾಕಂತ ಸಿಸ್ಟರಿಗೂ ಗೊತ್ತಿಲ್ಲ.
ಒಂದೂ ಕುಂತಲ್ಲೇ ಬರದದ್ದಲ್ಲ.

ಷರಾ ಕಾಲಂ ಖಾಲಿ ಬಿಟ್ಟೀನಿ.
ಅದು ಮೌಲಾ ಬರಿಯೋ ಜಾಗ.